ಗುಲಾಬಿ ಕಿವಿ

ಅರ್ಧ ಮೆಲ್ಬರ್ನ್ ಬೆಳಿಗ್ಗೆ ಗುಂಡಿಯೊತ್ತಿ ಮರೆತದ್ದು
ಕೊಳವೆಗಳಲ್ಲಿ ಹರಿದು ಕೊನೆಗೆ ಇಲ್ಲಿ,
ವೆರಿಬೀಯ ಕೊಳಗಳಲ್ಲಿ ಬಿಸಿಲಿಗೆ ಮಲಗುತ್ತದೆ.
ಅದನ್ನು ಸೀಸೆಗೆ ತುಂಬಿ ಚೀಟಿ ಅಂಟಿಸುವುದು ನನ್ನ ಕೆಲಸ.
ಈ ಗಾಳಿಗೆ ಮೂಗು ಒಗ್ಗಿ ಆರು ವರ್ಷ.
ಯಾರಾದರೂ ಕೇಳಿದರೆ ‘ನೀರಿನ ಇಲಾಖೆ’ ಎನ್ನುತ್ತೇನೆ,
ಮಾತು ಅಲ್ಲಿಗೇ ನಿಲ್ಲುತ್ತದೆ.

ಅದೇ ಕೊಳ ಇವಕ್ಕೆ ಹುಗ್ಗಿ.

ಮೊದಲ ದಿನ ಆ ಕೊಕ್ಕು ನೋಡಿ ನಕ್ಕಿದ್ದೆ.
ಮೊಳಕ್ಕೂ ಕಡಿಮೆಯ ಬಾತಿಗೆ
ಯಾವುದೋ ದೊಡ್ಡ ಹಕ್ಕಿಯದನ್ನು ಕಡ ತಂದು ಸಿಕ್ಕಿಸಿದ ಹಾಗೆ:
ಚೌಕ, ಬೂದು, ತುದಿಯ ಎರಡೂ ಕಡೆ
ಜೋತುಬಿದ್ದ ತೆಳು ಚರ್ಮ.
ಒಳಗೆ ಕೂದಲೆಳೆಯಷ್ಟು ನಯದ ಜರಡಿ.
ನೀರು ಒಳಗೆ, ನೀರು ಹೊರಗೆ,
ಹುಳ ಮಾತ್ರ ನಾಲಿಗೆಯ ಮೇಲೆ.
ಪಕ್ಕೆಗೆ ಕಂದು ಪಟ್ಟೆ, ಕಣ್ಣಿಗೆ
ನಿದ್ದೆಯಲ್ಲಿ ಉಜ್ಜಿಕೊಂಡ ಕಾಡಿಗೆ.

ಎರಡು ಸೇರಿದರೆ ಸಾಕು,
ಇದರ ಕೊಕ್ಕು ಅದರ ಬಾಲಕ್ಕೆ, ಅದರದು ಇದಕ್ಕೆ,
ಸುತ್ತತೊಡಗುತ್ತವೆ
ಬೀಸುವ ಕಲ್ಲಿನ ಹಾಗೆ. ಗೂಟವಿಲ್ಲ, ಬೀಸುವ ಕೈಯಿಲ್ಲ,
ಹಾಡಿಕೊಳ್ಳುವ ಪದವೂ ಇಲ್ಲ.
ನಡುವೆ ನೀರು ಸುಳಿಗೊಂಡು ತಳದ್ದೆಲ್ಲ ಮೇಲೇಳುತ್ತದೆ.
ಒಬ್ಬರ ತುತ್ತು ಇನ್ನೊಬ್ಬರ ಕಾಲು ಕಲಕಿದ್ದು.
ಕಾರಿನೊಳಗೆ ಡಬ್ಬಿ ತೆರೆದು ಕೂತು ಇದನ್ನೇ ನೋಡುತ್ತೇನೆ,
ಮೊಸರನ್ನ ಹುಳಿ ತಿರುಗುವವರೆಗೆ.

ಎರಡನೇ ಗುರುವಾರ ಎಣಿಸುವುದಕ್ಕೆ ಮರ್ಲ್ ಟ್ರೆಗೆಂಜಾ ಬರುತ್ತಾಳೆ.
ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು,
ತಲೆ ಎಣಿಸಿ ಎಣಿಸಿ ಅಭ್ಯಾಸ.
‘ಒಂದೊಂದೇ ಎಣಿಸಬೇಡ ಮಾರಾಯ್ತಿ’
(ಅವಳ ಇಂಗ್ಲಿಷು ನನ್ನ ಕಿವಿಯಲ್ಲಿ ಹೀಗೆಯೇ ಕೇಳುತ್ತದೆ)
‘ನೂರು ಅಂದರೆ ಎಷ್ಟಗಲ ಅಂತ ಕಣ್ಣಿಗೆ ಕಲಿಸು,
ಆಮೇಲೆ ಆ ಅಗಲವನ್ನು
ಚಾಪೆ ಹಾಸಿದಂತೆ ಕೊಳದ ಮೇಲೆ ಹಾಸುತ್ತ ಹೋಗು.’

ಈ ಮಾರ್ಚಿನಲ್ಲಿ, ಬೇಟೆ ಶುರುವಾದ ವಾರ,
ಎಲ್ಲಿಯದೋ ಕೆರೆಯಲ್ಲಿ ಛರ್ರೆ ತಿಂದ ಒಂದು
ನಮ್ಮ ಬೇಲಿಯವರೆಗೂ ಹಾರಿ ಬಂದು
ದಂಡೆಯ ಕಲ್ಲಿನ ಮೇಲೆ ಬಿದ್ದಿತ್ತು.
ಹೆಸರಿನಲ್ಲಷ್ಟೇ ಇದ್ದ ಆ ಗುಲಾಬಿ ಕಿವಿಯನ್ನು
ದುರ್ಬೀನಿನಲ್ಲಿ ಆರು ವರ್ಷ ಹುಡುಕಿದವಳು ನಾನು.
ಮರ್ಲ್ ಒದ್ದೆ ಗರಿ ಸರಿಸಿ ತೋರಿಸಿದಳು:
ಕಣ್ಣಿನ ಹಿಂದೆ, ಸಾಸಿವೆಗಿಂತ ತುಸು ದೊಡ್ಡದು.
ಇಷ್ಟೇನಾ, ಎಂದೆ.
ಇಷ್ಟೇ, ಎಂದಳು.
ಹೆಸರಿಟ್ಟವನ ಅಂಗೈಯಲ್ಲೂ ಹೀಗೇ ಒಂದು
ತಣ್ಣಗೆ ಮಲಗಿದ್ದಿರಬೇಕು.
ಇದನ್ನೂ ಲೆಕ್ಕಕ್ಕೆ ಹಿಡಿಯಲೇ?
ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಅವಳು ಸುಮ್ಮನಾದಳು.

ಏಪ್ರಿಲ್‌ನಲ್ಲಿ ಒಂಬತ್ತು ಸಾವಿರದ ಇನ್ನೂರು.
ಮೇನಲ್ಲಿ ಹದಿನಾಲ್ಕು.
ಸಾವಿರವಲ್ಲ. ಹದಿನಾಲ್ಕು.

‘ಒಳನಾಡಿಗೆ ನೀರು ಬಂದಿರಬೇಕು.’
ಇಲ್ಲಿ ಆಕಾಶ ತೊಳೆದಿಟ್ಟ ಬೋಗುಣಿ.
ಎಷ್ಟೋ ನೂರು ಮೈಲಿ ಆಚೆ, ಯಾವಾಗಲೋ ಬಿದ್ದ ಮಳೆ
ವಾರಗಟ್ಟಲೆ ತೆವಳಿ
ಬಿರಿದ ಉಪ್ಪುನೆಲದ ಬಾಯಿಗೆ ತಲುಪಿದ್ದು
ಇವಕ್ಕೆ ಯಾರು ಹೇಳಿದರು?
ಮರ್ಲ್‌ಗೆ ಗೊತ್ತಿಲ್ಲ.
ಓದಿಕೊಂಡವರನ್ನು ಕೇಳಿದಳಂತೆ, ಅವರೂ ಹೆಗಲು ಕುಣಿಸಿದರಂತೆ.

ಅಲ್ಲಿ ಮುಳುಗಿದ ಬೇಲಿಗೂಟದ ನೆತ್ತಿ,
ಬೇರೆ ಹಕ್ಕಿ ಬಿಟ್ಟುಹೋದ ಗೂಡು, ಮರದ ಪೊಟರೆ,
ಯಾವುದಾದರೂ ಆದೀತು.
ಎದೆಯ ತುಪ್ಪಳ ಕಿತ್ತು ಕಿತ್ತು ಮೆತ್ತಿ
ಮೊಟ್ಟೆ ಕಾಣದ ಹಾಗೆ ಹುದುಗಿಸಿ
ಇಪ್ಪತ್ತಾರು ದಿನ.
ನೆರೆ ಇಳಿಯತೊಡಗಿ ನೀರು ಹುಳುಗಳಿಂದ ಗಂಜಿಯಾದಾಗ
ಮರಿಗಳು ಕೆಳಗೆ ಧುಮುಕುತ್ತವೆ.
ಕೆರೆ ಆರುವುದರೊಳಗೆ ರೆಕ್ಕೆ ಬಲಿಯಬೇಕು.
ಬಲಿಯದಿದ್ದರೆ, ಆಯಿತು, ಅಷ್ಟೇ.

ಈಗ ಜುಲೈ. ಕೊಳ ನನ್ನೊಬ್ಬಳದೇ.
ಗೋಡೆಯ ಹಿಂದೆ ಪಂಪು ಗೊಣಗುತ್ತದೆ.
ತುಂಬಿದ ಸೀಸೆಯನ್ನು ಬೆಳಕಿಗೆ ಹಿಡಿದರೆ
ಒಳಗೊಂದು ಹುಳ,
ಚುಕ್ಕೆಯಷ್ಟು, ಒಂಟಿಯಾಗಿ ಸುತ್ತುತ್ತಿದೆ.
ಚೀಟಿಯ ಮೇಲೆ ತಾರೀಖು ಬರೆದಾಗಿತ್ತು.
ಆದರೂ ಮುಚ್ಚಳ ಬಿಚ್ಚಿ ಕೊಳಕ್ಕೇ ಸುರಿದೆ,
ಮತ್ತೆ ತುಂಬಿಕೊಂಡೆ.